ಪಿಚ್ಚಿ ಮೊಕ್ಕಲ ಹಿತ್ತಲು

ಹೈದರಾಬಾದಿನ ಕೊಂಡಾಪುರದ ಆ ಶಾಲೆಗೆ ಸೇರಿದ ಮೊದಲ ವಾರವೇ ನಾನು ಪ್ರಿನ್ಸಿಪಾಲ್ ಮೇಡಂ ಜೊತೆ ಜಗಳ ಕಾದೆ. ಜಗಳಕ್ಕೆ ಕಾರಣ ಒಂದು ತೆಲುಗು ಮಾತು. ಕಟ್ಟಡದ ಹಿಂದಿನ ಜಾಗ ತೋರಿಸುತ್ತ ಅವರು ಮೂಗು ಮುರಿದು, "ಇವೆಲ್ಲ ಪಿಚ್ಚಿ ಮೊಕ್ಕಲು ಟೀಚರ್. ದಸರಾ ರಜೆಯಲ್ಲಿ ತೆಗೆಸಿ ಟೈಲ್ಸ್ ಹಾಕಿಸ್ತಾರೆ. ಪಾರ್ಕಿಂಗ್‌ಗೆ" ಎಂದರು. ಪಿಚ್ಚಿ ಎಂದರೆ ಹುಚ್ಚು, ಮೊಕ್ಕ ಎಂದರೆ ಗಿಡ. ಯಾರೂ ಬಿತ್ತದೆ ತಾನಾಗಿ ಹುಟ್ಟಿದ ಗಿಡಕ್ಕೆ ತೆಲುಗಿನವರು ಇಟ್ಟಿರುವ ಹೆಸರು ಅದು. ನಮ್ಮ ಕಡೆಯವರೇನೂ ಕಡಿಮೆಯಿಲ್ಲ, ಅದನ್ನೇ ಕಸ ಅನ್ನುತ್ತೇವೆ. ಆದರೆ ಕಸ ಎನ್ನುವಾಗ ಗಿಡವನ್ನು ಬೈದ ಹಾಗೆ ನನಗೆಂದೂ ಅನ್ನಿಸಿರಲಿಲ್ಲ. ಹುಚ್ಚು ಅಂದಾಗ ಅನ್ನಿಸಿತು.

"ಹುಚ್ಚು ಯಾರಿಗೆ ಮೇಡಂ? ನೀರು ಕೇಳದೆ, ಗೊಬ್ಬರ ಕೇಳದೆ ಬದುಕುವ ಗಿಡಕ್ಕೋ, ಕ್ರೋಟನ್ ಕುಂಡ ಇಟ್ಟುಕೊಂಡು ದಿನಾ ಎಲೆ ಒರೆಸುವ ನಮಗೋ?" ಎಂದುಬಿಟ್ಟೆ.

ಹೊಸ ಕೆಲಸ. ಬಾಯಿಗೆ ಬೀಗ ಹಾಕಿಕೊಂಡಿರಬೇಕಿತ್ತು. ಆದರೆ ನನ್ನ ಕೋಪ ಸದಾ ಮೂಗಿನ ತುದಿಯಲ್ಲೇ. "ದೇವರು ಮೂಗು ಕೊಟ್ಟಿದ್ದು ಮೂಗುತಿ ಹಾಕ್ಕೊಳ್ಳಾಕ, ನೀ ಅದರ ಮ್ಯಾಲೆ ಸಿಟ್ಟು ತೂಗಹಾಕೀದಿ" ಎಂದು ನನ್ನ ತಾಯಿ ಯಾವಾಗಲೂ ಹೇಳುತ್ತಿದ್ದಳು.

ಆಗ ಕೊಂಡಾಪುರದಲ್ಲಿ ದಿನವೂ ಎಲ್ಲೋ ಒಂದು ಕಡೆ ಬಂಡೆ ಸಿಡಿಸುತ್ತಿದ್ದರು. ಸಿಡಿದ ಜಾಗದಲ್ಲಿ ನೋಡನೋಡುತ್ತಲೇ ಗಾಜಿನ ಆಫೀಸು ಏಳುತ್ತಿತ್ತು, ಅದರ ಪಕ್ಕದಲ್ಲಿ ಅಪಾರ್ಟ್‌ಮೆಂಟು. ಬೆಂಗಳೂರು, ಮೈಸೂರು, ವಿಜಯವಾಡ, ಕೊಲ್ಕತ್ತ ಎಲ್ಲ ಕಡೆಯಿಂದ ಸಾಫ್ಟ್‌ವೇರ್‌ನವರು ಬಂದರು. ಬಂದವರೆಲ್ಲ ಕಾರು ಕೊಂಡರು. ಬೆಳಿಗ್ಗೆ ಶಾಲೆಯ ಓಣಿಯಲ್ಲಿ ಕಾರುಗಳು ಒಂದರ ಮೂತಿಗೆ ಒಂದು ಮೂತಿ ತಾಗಿಸಿಕೊಂಡು ನಿಂತು ಹಾರ್ನ್ ಹೊಡೆಯುತ್ತಿದ್ದವು. ಪಾರ್ಕಿಂಗ್ ಬೇಕು ಎಂದು ಪೋಷಕರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ಶಾಲೆಯ ಟೈಮ್‌ಟೇಬಲ್‌ನಲ್ಲಿ 'ಗಾರ್ಡನಿಂಗ್' ಎಂಬ ಪೀರಿಯಡ್ಡೂ ಇತ್ತು. ಅದನ್ನು ವಿಜ್ಞಾನದ ಟೀಚರ್ ತಲೆಗೆ ಕಟ್ಟಿದ್ದರು, ಎಂದರೆ ನನ್ನ ತಲೆಗೆ. ಅಲ್ಲಿಯವರೆಗೆ ಆ ಪೀರಿಯಡ್ಡಿನಲ್ಲಿ ಮಕ್ಕಳು ಸಾಲಾಗಿ ನಿಂತು ಕ್ರೋಟನ್ ಕುಂಡಗಳಿಗೆ ಮಗ್ಗಿನಿಂದ ನೀರು ಹಾಕಿ, ಕೈ ತೊಳೆದುಕೊಂಡು ಹೋಗುತ್ತಿದ್ದರು.

ಹಿತ್ತಲನ್ನು ಈ ಪೀರಿಯಡ್ಡಿಗೆ ಕೊಡಿ ಎಂದು ಛೇರ್ಮನ್ನರ ಹತ್ತಿರವೇ ಹೋದೆ. ಅವರು ಮೊದಲು ಬಿಲ್ಡರ್, ಆಮೇಲೆ ವಿದ್ಯಾದಾನಿ. ನನ್ನ ಮಾತು ಕೇಳಿ ನಕ್ಕರು. "ದಸರಾ ತನಕ ಏನು ಬೇಕಾದರೂ ಮಾಡ್ಕೊಳ್ಳಿ. ಪಾರ್ಕಿಂಗ್ ಕೇಳಿದ್ದು ಪೇರೆಂಟ್ಸ್. ಅವರೇ ಬೇಡ ಅಂದರೆ ಟೈಲ್ಸ್ ಹಾಕಲ್ಲ. ಅಂದರೆ ತಾನೇ?" ಎಂದರು. ಕಾರಿನವರು ಪಾರ್ಕಿಂಗ್ ಬೇಡ ಅನ್ನಬೇಕು, ಆಗ ಮಾತ್ರ ಹಿತ್ತಲು ಉಳಿಯುತ್ತದೆ. ಕೋಣಕ್ಕೆ ಕರು ಹಾಕು ಅಂದ ಹಾಗಾಯಿತು. ಆದರೂ ಒಪ್ಪಿಕೊಂಡೆ.

ನಾನು ಲಂಬಾಣಿ, ಚಿಂಚೋಳಿ ಕಡೆಯ ತಾಂಡಾದವಳು. ನಮ್ಮಲ್ಲಿ ತಾಯಿಗೆ ಯಾಡಿ ಅನ್ನುತ್ತೇವೆ. ಅಪ್ಪ ಮತ್ತು ಯಾಡಿ ಕಲ್ಲು ಒಡೆಯುವ ಕೆಲಸಕ್ಕೆಂದು ಹೈದರಾಬಾದಿಗೆ ಬಂದರು. ನಾನು ಹಾಸ್ಟೆಲುಗಳಲ್ಲಿ ಇದ್ದು ಕನ್ನಡದಲ್ಲಿ ಓದಿ, ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಬಿ.ಎಡ್. ಮುಗಿಸಿ ಅವರ ಹಿಂದೆಯೇ ಬಂದೆ. ಅಪ್ಪ ತೀರಿಕೊಂಡ ಮೇಲೆ ಯಾಡಿ ನನ್ನ ಜೊತೆಗಿದ್ದಳು. ಅವಳು ಬೈಯುವುದು ಲಂಬಾಣಿಯಲ್ಲಿ, ಬುದ್ಧಿ ಹೇಳುವುದು ಕನ್ನಡದಲ್ಲಿ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದು ತೆಲುಗಿನಲ್ಲಿ. ಮೂರರಲ್ಲೂ ಅವಳೇ ಗೆಲ್ಲುತ್ತಿದ್ದಳು.

ಗಿಡ ಬೆಳೆಸುವುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಬುಟ್ಟಿಯಲ್ಲಿ ಕಲಿತೆ. ಮಳೆಗಾಲದಲ್ಲಿ ತೀಜ್ ಹಬ್ಬ ಬಂದರೆ ತಾಂಡಾದ ಮದುವೆಯಾಗದ ಹುಡುಗಿಯರೆಲ್ಲ ಬಿದಿರು ಬುಟ್ಟಿಗೆ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತುತ್ತೇವೆ. ಒಂಬತ್ತು ದಿನ ಹಾಡು ಹೇಳುತ್ತ ನೀರು ಹಾಕಬೇಕು. ಸಸಿ ಒತ್ತಾಗಿ, ಎತ್ತರಕ್ಕೆ ಬಂದರೆ ಶುಭ. ನನಗೆ ಮೊದಲ ಸಲ ಬುಟ್ಟಿ ಕೊಟ್ಟಾಗ ಎಲ್ಲರಿಗಿಂತ ಎತ್ತರ ಬರಲಿ ಎಂಬ ಆಸೆಗೆ ಹೋಗ್ತಾ ಬರ್ತಾ ನೀರು ಸುರಿದೆ. ಕಾಳು ಕೊಳೆತು ನಾರಿತು. ಗೆಳತಿಯರು ನನಗೆ ಬೊಕ್ಕತಲೆಯ ಗಂಡ ಸಿಗುತ್ತಾನೆ ಎಂದು ಹಾಡು ಕಟ್ಟಿ ಕುಣಿದರು. ಅಳುತ್ತ ಮನೆಗೆ ಬಂದವಳಿಗೆ ಯಾಡಿ ಹೇಳಿದ್ದು ಒಂದೇ ಮಾತು. "ನೀರು ಕೇಳಿದ್ದು ನಿನ್ನ ಆಸೆ. ಕಾಳು ಕೇಳಿತ್ತೇನು?"

ಹಿತ್ತಲಿನ ಪಾಠವನ್ನು ನಾನು ಈ ಮಾತಿನಿಂದಲೇ ಶುರುಮಾಡಿದೆ. ಆರನೆಯ ಕ್ಲಾಸಿನ ಮಕ್ಕಳು ಪ್ಲಾಸ್ಟಿಕ್ ಸಲಿಕೆ, ಅಂಗಡಿಯ ಬೀಜದ ಪೊಟ್ಟಣ ಹಿಡಿದುಕೊಂಡು ಬಂದರು. ಎಲ್ಲವನ್ನೂ ಒಳಗಿಡಿಸಿದೆ. ಈ ಮಳೆಗಾಲ ಯಾರೂ ಏನೂ ನೆಡುವ ಹಾಗಿಲ್ಲ, ಬೇರುಸಹಿತ ಕೀಳುವ ಹಾಗಿಲ್ಲ ಎಂದೆ. "ಮತ್ತೆ ಏನು ಮಾಡೋದು ಮಿಸ್?" "ಇಲ್ಲಿ ಆಗಲೇ ಯಾರ್ಯಾರು ಇದ್ದಾರೆ ನೋಡೋದು. ಬೇರೆಯವರ ಮನೆಗೆ ಹೋದರೆ ಮೊದಲು ಮಾತಾಡಿಸ್ತೀರೋ, ಮಂಚ ಎತ್ತಿ ಆಚೆ ಹಾಕ್ತೀರೋ?" ಮಕ್ಕಳಿಗೆ ನಗು ಬಂತು. ಚಪ್ಪಲಿ ಬೂಟು ಬಾಗಿಲಲ್ಲೇ ಬಿಡಬೇಕು ಎಂದಾಗ ನಗು ನಿಂತಿತು.

ಬರಿಗಾಲು ಯಾಡಿಯ ಕಾನೂನು. ಬೂಟು ಹಾಕಿಕೊಂಡವರು ಆಕಾಶ ನೋಡಿಕೊಂಡು ನಡೆಯುತ್ತಾರೆ, ಬರಿಗಾಲಿನವರು ನೆಲ ನೋಡುತ್ತಾರೆ ಎನ್ನುತ್ತಿದ್ದಳು. ಅವಳದೇ ಇನ್ನೊಂದು ಕಾನೂನು: ಹುಡುಕಿಕೊಂಡು ಹೋದ ಸೊಪ್ಪು ಮೊದಲು ಎಲ್ಲಿ ಕಂಡಿತೋ ಆ ಗಿಡವನ್ನು ಮುಟ್ಟಬಾರದು. ಅದು ದಾರಿ ತೋರಿಸಿದ ಗಿಡ. ಅದಕ್ಕೆ ಕೈ ಮುಗಿದು, ನಿಮ್ಮವರು ಇನ್ನೂ ಎಲ್ಲಿದ್ದಾರೆ ಎಂದು ಕೇಳಿ ಮುಂದೆ ಹೋಗಬೇಕು. ಮುಂದೆ ಕಾಣದಿದ್ದರೆ ಬರಿಗೈಯಲ್ಲಿ ವಾಪಸ್ಸು. ತಾಂಡಾದಲ್ಲಿ ನಾನು ಹಾಗೆ ಎಷ್ಟೋ ಸಲ ಖಾಲಿ ಉಡಿ ಹೊತ್ತು ಬಂದಿದ್ದೆ, ಬೈಸಿಕೊಂಡಿರಲಿಲ್ಲ. ಇದರಲ್ಲಿ ವಿಜ್ಞಾನ ಎಷ್ಟಿದೆ ಎಂದು ಕಾಲೇಜಿನಲ್ಲಿ ತಿಳಿಯಿತು: ಒಂದೇ ಒಂದು ಉಳಿದಿದ್ದರೆ ಅದನ್ನು ತಿನ್ನಬೇಡ ಎಂದು ಅರ್ಥ. ಆದರೆ ಮಕ್ಕಳಿಗೆ ನಾನು ವಿಜ್ಞಾನ ಹೇಳಲಿಲ್ಲ, ಕೈ ಮುಗಿಯುವುದನ್ನೇ ಹೇಳಿದೆ.

ಪ್ರತಿ ಮಗುವಿಗೂ ಒಂದು ಗಿಡ. ಅದರ ಹೆಸರನ್ನು ಮನೆಯಲ್ಲಿ ಅಜ್ಜಿಯನ್ನೋ, ಕೆಲಸದ ಆಂಟಿಯನ್ನೋ, ವಾಚ್‌ಮನ್ನನನ್ನೋ ಕೇಳಿಕೊಂಡು ಬರಬೇಕು. ಪುಸ್ತಕದ ಹೆಸರು ನಡೆಯುವುದಿಲ್ಲ. ಆಮೇಲೆ ಪ್ರತಿ ಪೀರಿಯಡ್ಡೂ ಅದರ ಹತ್ತಿರ ಕೂತು ಅದಕ್ಕೆ ಏನಾಗಿದೆ ನೋಡಬೇಕು. ಒಬ್ಬ ಹುಡುಗ ಉತ್ತರಾಣಿಯ ಯಜಮಾನ. ಅದರ ಬೀಜ ಪ್ಯಾಂಟಿಗೆ ಅಂಟಿಕೊಂಡದ್ದು ಕಂಡು, "ಮಿಸ್, ಇದು ನನ್ನ ಹತ್ತಿರ ಲಿಫ್ಟ್ ಕೇಳ್ತಿದೆ" ಎಂದು ಕೂಗಿದ. ತುಂಬೆಯ ಹೂವನ್ನು ಹೀರಿದರೆ ಸಿಹಿ ಎಂದು ಇನ್ನೊಬ್ಬಳು ತಾನೇ ಕಂಡುಹಿಡಿದಳು. ಹಿತ್ತಲ ಮೂಲೆಯ ಬಂಡೆಯ ಮಗ್ಗುಲಿಗೆ ತಂಗಡಿ ಪೊದೆಗಳಿದ್ದವು, ತೆಲುಗಿನವರು ತಂಗೇಡು ಎನ್ನುವ ಹಳದಿ ಹೂವಿನ ಪೊದೆ. ಅವುಗಳ ಯಜಮಾನರು ತಮ್ಮಲ್ಲೇ ಗಡಿ ಹಾಕಿಕೊಂಡು ಜಗಳವಾಡಿದರು. ಗಿಡಕ್ಕಾಗಿ ಕಾಲು ಕೆರೆದು ಜಗಳವಾಡುವ ಮಕ್ಕಳನ್ನು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ಎಲ್ಲರಿಗಿಂತ ಹಟಮಾರಿ ಮೈಸೂರಿನ ಕಡೆಯ ಒಬ್ಬ ಹುಡುಗಿ. ಅವಳ ಪಾಲಿಗೆ ಬಂದದ್ದು ಗುನುಗು, ವಾಚ್‌ಮನ್ ಹೇಳಿಕೊಟ್ಟ ತೆಲುಗು ಹೆಸರು. ಮಳೆ ಬಿದ್ದರೆ ಎಲ್ಲೆಂದರಲ್ಲಿ ಏಳುವ ಗಿಡ, ಎಳೆಯದರಲ್ಲಿ ನೋಡಲು ಏನೂ ಚೆಂದವಿಲ್ಲ. ಅದನ್ನು ನೋಡಿಕೊಳ್ಳುವ ಉತ್ಸಾಹದಲ್ಲಿ ಅವಳು ಒಂದು ದಿನ ಓಡಿದಳು. ಅಂಗಾಲಿಗೆ ನೆಗ್ಗಿಲು ಮುಳ್ಳು ಹೊಕ್ಕಿತು. ಮರುದಿನ ಅವಳ ತಾಯಿ ಸ್ಟಾಫ್ ರೂಮಿಗೇ ಬಂದರು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡಿನ ಪಟ್ಟಿ ನೇತಾಡುತ್ತಿತ್ತು.

"ಏನ್ ಮೇಡಂ ಇದು? ಇಂಟರ್‌ನ್ಯಾಷನಲ್ ಸ್ಕೂಲು ಅಂತ ಸೇರ್ಸಿದ್ರೆ ಮಕ್ಕಳನ್ನ ಬರಿಗಾಲಲ್ಲಿ ಮುಳ್ಳಲ್ಲಿ ಓಡಾಡ್ಸ್ತೀರಂತಲ್ಲ?"

ಕನ್ನಡ ಕೇಳಿದ ಖುಷಿಗೆ ನನ್ನ ಬಾಯಿಂದಲೂ ನಮ್ಮೂರ ಕನ್ನಡವೇ ಬಂತು. "ಓಡಬ್ಯಾಡ ಅಂದಿದ್ನಿರಿ. ಓಡಿದ್ಳು, ಚುಚ್ಚಿತು. ನಾ ಸಾವಿರ ಸರ್ತಿ ಹೇಳಿದ್ರ ಕೇಳ್ತಿರಲಿಲ್ಲರಿ, ನೆಗ್ಗಿಲು ಒಂದ ಸರ್ತಿ ಹೇಳೈತಿ, ಕೇಳ್ಯಾಳ."

ಆ ತಾಯಿ ಕೆಂಪಾದರು. ಇದನ್ನೆಲ್ಲ ಕಿತ್ತು ಪಾರ್ಕಿಂಗ್ ಮಾಡುವುದೇ ಸರಿ, ನಾನೇ ಛೇರ್ಮನ್‌ಗೆ ಹೇಳ್ತೀನಿ ಎಂದು ಎದ್ದರು. ನನಗೂ ಪಿತ್ತ ನೆತ್ತಿಗೇರಿತು. ಆದರೆ ಹಿತ್ತಲು ಉಳಿಯುವುದು ಇಂಥವರ ಬಾಯಿಂದಲೇ ಎಂದು ನೆನಪಾಗಿ ಹಲ್ಲು ಕಚ್ಚಿ ಸುಮ್ಮನಾದೆ. ಆವತ್ತು ಮಧ್ಯಾಹ್ನ ಹುಡುಗಿ ಕುಂಟುತ್ತ ಹಿತ್ತಲಿಗೆ ಬಂದು, ಮೊದಲ ಗುನುಗಿಗೆ ಕೈ ಮುಗಿದು, ಮುಂದಿನವುಗಳ ತುದಿ ಚಿವುಟಿ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಅಮ್ಮನಿಗೆ ತೋರಿಸಬೇಕಂತೆ.

ಸೋಮವಾರ ಆ ತಾಯಿ ಮತ್ತೆ ಬಂದರು. ಇನ್ನೇನು ಗ್ರಹಚಾರವೋ ಎಂದುಕೊಂಡೆ. ಅವರು ನನ್ನ ಎದುರಿಗೆ ಕೂತು, "ಮೇಡಂ, ನಿಮ್ ಗುನುಗು ನಮ್ ಅಣ್ಣೆ ಸೊಪ್ಪು! ನಮ್ಮಜ್ಜಿ ಮಸ್ಸೊಪ್ಪು ಮಾಡೋರು. ಇಷ್ಟು ವರ್ಷ ಆದ್ಮೇಲೆ ಮೊನ್ನೆ ಮಾಡ್ದೆ. ನನ್ ಮಗಳು ಎರಡೆರಡು ಸಲ ಹಾಕಿಸ್ಕೊಂಡ್ಲು" ಎಂದರು. ಕಣ್ಣು ಒದ್ದೆಯಾಗಿತ್ತು. ಹಾಗಂತ ಪಾರ್ಕಿಂಗ್ ಬೇಡ ಎಂದೇನೂ ಹೇಳಲಿಲ್ಲ. ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಗೊಣಗುತ್ತಲೇ ಹೋದರು.

ಮಳೆ ಚೆನ್ನಾಗಿ ಆಯಿತು. ಭಾದ್ರಪದ ಕಳೆಯುವ ಹೊತ್ತಿಗೆ ಗುನುಗು ಮಕ್ಕಳ ಭುಜದೆತ್ತರ ಬೆಳೆದು ಗುಲಾಬಿ ಬಿಳಿ ಕದಿರು ಬಿಟ್ಟಿತು. ತಂಗಡಿ ಪೊದೆ ಹಳದಿಯಲ್ಲಿ ಮುಳುಗಿತು. ದಸರಾ ರಜೆಯೂ ಹತ್ತಿರ ಬಂತು. ರಜೆಯ ಹಿಂದಿನ ದಿನ ಶಾಲೆಯಲ್ಲಿ ಬತುಕಮ್ಮ ಹಬ್ಬ ಎಂದು ತೀರ್ಮಾನವಾಯಿತು. ತೆಲಂಗಾಣದ ಹೆಂಗಸರು ತಟ್ಟೆಯಲ್ಲಿ ಹೂವನ್ನು ಗೋಪುರದ ಹಾಗೆ ಪೇರಿಸಿ, ನಡುವೆ ಇಟ್ಟು, ಸುತ್ತಲೂ ಚಪ್ಪಾಳೆ ತಟ್ಟಿ ಹಾಡುವ ಹಬ್ಬ ಅದು. ಛೇರ್ಮನ್ನರ ತಾಯಿಯೇ ಅದಕ್ಕೆ ಮುಖ್ಯ ಅತಿಥಿ. ಟೈಲ್ಸ್ ಲಾರಿಯೂ ಅದೇ ದಿನ ಬರುತ್ತದೆ, ಮರುದಿನದಿಂದಲೇ ಕೆಲಸ ಎಂದು ಆಫೀಸಿನಿಂದ ನನಗೆ ಹೇಳಿಕಳಿಸಿದರು.

ಹಬ್ಬದ ಹಿಂದಿನ ಸಂಜೆ ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಅತಿಥಿಗಳ ಕಣ್ಣಿಗೆ ಬೀಳುವ ಅಂಚನ್ನು ಸ್ವಚ್ಛ ಮಾಡಿ ಎಂದು ಪ್ರಿನ್ಸಿಪಾಲ್ ಮೇಡಂ ಆಳುಗಳನ್ನು ಬಿಟ್ಟಿದ್ದರು. ಗೇಟಿನ ಪಕ್ಕದ ಗುನುಗೆಲ್ಲ ಬೇರುಸಹಿತ ಕಸದ ತೊಟ್ಟಿಯಲ್ಲಿ ಬಿದ್ದಿತ್ತು. ಇನ್ನೂ ಕೀಳುತ್ತಿದ್ದವರನ್ನು ಕೂಗಾಡಿ ನಿಲ್ಲಿಸಿ, ಆಫೀಸಿಗೆ ನುಗ್ಗಿದೆ. ಆಳುಗಳನ್ನು ಕರೆತಂದ ಅಟೆಂಡರ್ ಎಲ್ಲಿ ಎಂದರೆ, ಹೂವಿನ ಮಾರ್ಕೆಟ್ಟಿಗೆ ಹೋಗಿದ್ದಾನೆ ಎಂದರು.

"ಯಾವ ಹೂವಿಗೆ?"

"ಬತುಕಮ್ಮಕ್ಕೆ. ಅದೇನೋ ಗುನುಗು, ತಂಗೇಡು ಅಂತೆ. ಅದಿಲ್ಲದೆ ಹಬ್ಬವೇ ಅಲ್ಲ ಅಂದಿದ್ದಾರೆ ಛೇರ್ಮನ್ ಅವರ ಅಮ್ಮ" ಎಂದರು ಪ್ರಿನ್ಸಿಪಾಲ್ ಮೇಡಂ. ಅವರು ಸಮುದ್ರದ ಕಡೆಯ ಆಂಧ್ರದವರು, ಅವರ ಊರಲ್ಲಿ ಈ ಹಬ್ಬವಿಲ್ಲ. ಹೂವಿನ ಹೆಸರನ್ನು ಚೀಟಿ ನೋಡಿ ಓದಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ಕೇಳಿದ್ದೆ. ಇವರು ಬೆಣ್ಣೆಯನ್ನು ತಿಪ್ಪೆಗೆ ಎಸೆದು ಅಲೆಯುತ್ತಿದ್ದರು. ಬೈಯಲು ಬಾಯಿ ತೆರೆದೆ, ಬೈಗುಳದ ಬದಲು ನಗು ಬಂತು. ನಕ್ಕು ನಕ್ಕು ಕುರ್ಚಿಯ ಮೇಲೆ ಕೂತೆ. ಮೇಡಂಗೆ ಏನೂ ಅರ್ಥವಾಗಲಿಲ್ಲ. ನಾನೂ ಹೇಳಲಿಲ್ಲ.

ಮನೆಗೆ ಬಂದು ಯಾಡಿಗೆ ಹೇಳಿದೆ. ಅವಳು ಲಂಬಾಣಿಯಲ್ಲಿ ಒಂದಿಷ್ಟು ಬೈದು, ಆಮೇಲೆ ಕನ್ನಡಕ್ಕೆ ಬಂದಳು. "ಹೂ ಕೇಳಾಕ ಬಂದೇ ಬರ್ತಾರ. ಬಂದಾಗ ನೀ ಕೊಡಬ್ಯಾಡ. ಹುಡುಗರ ಗಿಡ, ಹುಡುಗರನ್ನ ಕೇಳಲಿ."

ಮರುದಿನ ಅವಳು ಹೇಳಿದ ಹಾಗೇ ಆಯಿತು. ಅಟೆಂಡರ್ ಮಾರ್ಕೆಟ್ಟಿನಿಂದ ತಂದದ್ದು ಚೆಂಡುಹೂವಿನ ಮೂಟೆ ಮತ್ತು ಬಾಡಿ ಬಗ್ಗಿದ ಒಂದು ಕಟ್ಟು ಗುನುಗು. ಊರಿಗೆಲ್ಲ ಹಬ್ಬ, ಒಳ್ಳೆಯದು ಅವನು ಹೋಗುವ ಮೊದಲೇ ಖಾಲಿಯಾಗಿತ್ತು. ಛೇರ್ಮನ್ನರ ತಾಯಿ, ಬೆಳ್ಳಗಿನ ತಲೆಯ ಗಟ್ಟಿ ಮುದುಕಿ, ಆ ಕಟ್ಟನ್ನು ಎತ್ತಿ ನೋಡಿ ಕೆಳಗಿಟ್ಟರು. ಪೋಷಕರು ರೇಷ್ಮೆ ಸೀರೆ, ಕುರ್ತಾ ಹಾಕಿಕೊಂಡು ಸುತ್ತ ನಿಂತಿದ್ದರು. ಪ್ರಿನ್ಸಿಪಾಲ್ ಮೇಡಂ ಮುಖ ಬಿಳಿಚಿತು. ಆಗ ನಾನು ಮುಂದೆ ಹೋಗಿ, "ಅಮ್ಮಾ, ಹೂವು ಹಿಂದೆ ಇದೆ, ಬೇರಿನ ಮೇಲೇ ಇದೆ. ಆದರೆ ನನ್ನದಲ್ಲ. ಆರನೆಯ ಕ್ಲಾಸಿನವರನ್ನು ಕೇಳಬೇಕು" ಎಂದು ತೆಲುಗಿನಲ್ಲಿ ಹೇಳಿದೆ.

ಇಡೀ ಜನ ಹಿತ್ತಲ ಕಡೆ ತಿರುಗಿತು. ಅಷ್ಟರಲ್ಲಿ ಲಾರಿಯೂ ಬಂದು ಹಿಂದಿನ ಗೇಟಿನ ಹತ್ತಿರ ನಿಂತಿತ್ತು. ಮೇಸ್ತ್ರಿ ನನ್ನನ್ನು ನೋಡಿ ಹಿಂದಿಯಲ್ಲಿ ಏನೋ ಕೇಳಿದವನು, ಕ್ಲೀನರಿಗೆ ಕನ್ನಡದಲ್ಲಿ ಗದರಿದ. ನನ್ನ ಕಿವಿ ನೆಟ್ಟಗಾಯಿತು.

"ಅಣ್ಣಾರ, ಯಾವ ಕಡಿಯವ್ರಿ?"

"ಸೇಡಂ ಕಡಿಯವ್ರಿ ಅಕ್ಕಾರ. ಟೈಲ್ಸ್ ಎಲ್ಲಿ ಇಳಸೋದ್ರಿ?"

"ಈಗ ಇಳಸಬ್ಯಾಡ್ರಿ. ಮೊದಲ ಚಾ ಕುಡೀರಿ. ಇಳಸೋದೈತೋ ಹೊತ್ಕೊಂಡು ಹೋಗೋದೈತೋ, ಇನ್ನೂ ತೀರ್ಮಾನ ಆಗಿಲ್ಲರಿ."

ಹಿತ್ತಲ ಬಾಗಿಲಲ್ಲಿ ಗುನುಗಿನ ಹುಡುಗಿ ಎರಡೂ ಕೈ ಚಾಚಿ ನಿಂತಿದ್ದಳು. ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಚಪ್ಪಲಿ ಬಿಡಿ ಎಂದು ಛೇರ್ಮನ್ನರಿಗೇ ಹೇಳಿದಳು. ಅವರು ತಾಯಿಯ ಮುಖ ನೋಡಿದರು. ತಾಯಿ ಆಗಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗಿತ್ತು. ಮಗನೂ ಬೂಟು ಕಳಚಿದರು. ಗುನುಗು ಕಂಡೊಡನೆ ಮುದುಕಿ ಆಸೆಯಿಂದ ಕೈ ನೀಡಿದರು. "ಅದಲ್ಲ ಅಜ್ಜಿ! ಅದಕ್ಕೆ ನಮಸ್ಕಾರ ಮಾಡಿ, ಅದರ ಆಚೆಯದನ್ನ ಕೀಳಿ" ಎಂದಳು ಹುಡುಗಿ. ಮುದುಕಿ ಚಾಚಿದ ಕೈಯನ್ನು ಹಿಂದಕ್ಕೆಳೆದು, ಎರಡೂ ಕೈ ಜೋಡಿಸಿ ಗಿಡಕ್ಕೆ ತಲೆಬಾಗಿದರು.

ಆಮೇಲೆ ನಡೆದದ್ದೇ ಹಬ್ಬ. ಉತ್ತರಾಣಿಯ ಯಜಮಾನ ತನ್ನ ಅಪ್ಪನಿಗೆ ಅದರ ಲಿಫ್ಟಿನ ಕತೆ ಹೇಳಿದ. ಅಮ್ಮಂದಿರು ತುಂಬೆ ಹೂ ಹೀರಿದರು. ತಂಗಡಿಯ ಮಾಲೀಕರು ಯಾವ ಕೊಂಬೆಯಿಂದ ಎಷ್ಟು ಎಂದು ಬೆರಳು ತೋರಿಸಿ ಹೂ ಕೊಡಿಸಿದರು. ಮುದುಕಿಯ ಉಡಿ ತುಂಬಿತು. "ಮುಂದಿನ ವರ್ಷವೂ ಇಲ್ಲಿಗೇ ಬರುತ್ತೇನೆ" ಎಂದರು ಅವರು ಹುಡುಗಿಗೆ.

"ಮುಂದಿನ ವರ್ಷ ಇರಲ್ಲ ಅಜ್ಜಿ. ನಾಳೆ ಇಲ್ಲಿ ಟೈಲ್ಸ್ ಹಾಕ್ತಾರೆ."

ಮುದುಕಿ ಮಗನ ಕಡೆ ತಿರುಗಿ, ಹೂವು ಟೈಲ್ಸಿನ ಮೇಲೆ ಬೆಳೆಯುತ್ತದೇನೋ ಎಂದು ಕೇಳಿದರು. ಆದರೆ ಛೇರ್ಮನ್ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಕೈಯೆತ್ತಿ, "ಪಾರ್ಕಿಂಗ್ ನನಗೆ ಬೇಕಿಲ್ಲಮ್ಮ. ಇವರು ಕೇಳಿದ್ದು. ಇಲ್ಲೇ ಇದ್ದಾರಲ್ಲ, ಹೇಳಲಿ. ಗಿಡವೋ, ಪಾರ್ಕಿಂಗೋ?" ಎಂದರು. ಪೋಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳು ಅಪ್ಪ ಅಮ್ಮಂದಿರ ಕೈ ಹಿಡಿದು ಮೇಲೆ ನೋಡುತ್ತಿದ್ದರು. ಒಂದು ಮಳೆಗಾಲದ ಪಾಠವೆಲ್ಲ ಅವರ ಒಂದು ಮಾತಿನ ಮೇಲೆ ನಿಂತಿತ್ತು, ನಾನು ಇನ್ನೊಂದು ಮಾತು ಸೇರಿಸುವ ಹಾಗಿರಲಿಲ್ಲ.

"ನಮ್ ಕಾರು ಮೇನ್ ರೋಡಲ್ಲೇ ನಿಲ್ಲಿಸಿ ನಡ್ಕೊಂಡ್ ಬರ್ತೀವಿ" ಎಂದಿತು ಒಂದು ದನಿ, ಕನ್ನಡದಲ್ಲಿ. ಮೈಸೂರಿನ ತಾಯಿ. ಯಾರಿಗೂ ಅರ್ಥವಾಗಲಿಲ್ಲ ಎಂದು ಹೊಳೆದು ಅದನ್ನೇ ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಒಡ್ಡೊಡ್ಡು ತೆಲುಗಿನಲ್ಲಿ ಹೇಳಿದರು. ಅವರ ಪಕ್ಕದಲ್ಲಿ ಉತ್ತರಾಣಿಯ ಅಪ್ಪ ಕೈಯೆತ್ತಿದ. ತುಂಬೆಯ ತಾಯಿ ಎತ್ತಿದಳು. ಆಮೇಲೆ ಎಲ್ಲೆಲ್ಲೂ ಕೈಗಳು, ಕೆಲವರ ಕೈಯಲ್ಲಿ ಹೂವೂ ಇತ್ತು. ಛೇರ್ಮನ್ ಒಂದು ಗಳಿಗೆ ಸುತ್ತ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ ನಕ್ಕರು. ಈ ಸಲದ ನಗು ಬೇರೆಯಾಗಿತ್ತು. "ಲಾರಿ ವಾಪಸ್ ಕಳಿಸಿ ಟೀಚರ್" ಎಂದರು.

ಕಳಿಸುವುದೇನೋ ಸರಿ, ಲಾರಿ ಹೋಗಬೇಕಲ್ಲ! ಲಾರಿಯ ಹಿಂದೆ ತಡವಾಗಿ ಬಂದವರೂ ಸೇರಿ, ಓಣಿಯ ತುಂಬ ಇವರದೇ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ನಾನು ಪಿ.ಟಿ. ಸರ್ ಕೊರಳಿನ ಸೀಟಿ ಕಿತ್ತುಕೊಂಡು ಗೇಟಿನಾಚೆ ಓಡಿದೆ. ಕಾರಿನವರೂ ಓಡಿ ಬಂದರು, ಎಲ್ಲರೂ ಬರಿಗಾಲಲ್ಲಿ. ಒಬ್ಬರು ಮುಂದೆ ತೆಗೆದರು, ಇನ್ನೊಬ್ಬರು ಹಿಂದೆ. ರೇಷ್ಮೆ ಸೀರೆಯ ಒಬ್ಬಾಕೆ ಕಿಟಕಿಯಿಂದ ತಲೆ ಹಾಕಿ, "ಇನ್ನೂ ರೈಟಾ ಟೀಚರ್?" ಎಂದು ಕೂಗಿದಳು. ಮಕ್ಕಳು ಕಾಂಪೌಂಡ್ ಗೋಡೆ ಹತ್ತಿ ಕೇಕೆ ಹಾಕುತ್ತಿದ್ದರು.

ಮೇಸ್ತ್ರಿ ಲಾರಿಯ ಮೆಟ್ಟಿಲ ಮೇಲೆ ನಿಂತು ಚಹಾದ ಲೋಟ ನನಗೆ ವಾಪಸು ಕೊಟ್ಟ. "ಚಲೋ ಆತು ಬಿಡ್ರಿ ಅಕ್ಕಾರ. ಬಂದ ದಾರಿಗೆ ಸುಂಕ ಇಲ್ಲ" ಎಂದು ನಕ್ಕ.

"ಬರ್ರಿ, ಬರ್ರಿ, ಹಿಂದಕ್ಕ ಬರ್ರಿ!" ಎಂದು ನಾನು ಇಡೀ ಕೊಂಡಾಪುರಕ್ಕೆ ಕೇಳುವ ಹಾಗೆ ಕನ್ನಡದಲ್ಲೇ ಕೂಗಿದೆ. ಟೈಲ್ಸ್ ಹೊತ್ತ ಲಾರಿ ಕಾರುಗಳ ನಡುವೆ ಮೆಲ್ಲಗೆ ಹಿಂದೆ ಸರಿಯುತ್ತ ಹೋಯಿತು. ಅದು ಮೇನ್ ರೋಡಿಗೆ ಹತ್ತಿ ತಿರುಗಿ ಕಾಣದಾದ ಮೇಲೂ ನಾನು ಸೀಟಿ ಊದುತ್ತಲೇ ಇದ್ದೆ.